‘ಯಾರ ಕಡೆಯಿಂದ ಬಂತು?’ ಎನ್ನುವವರಿಗೆ: ಲೂಪಸ್ ಕಿಡ್ನಿ ಕಾಯಿಲೆ, ನನ್ನ ಅನುಭವ

ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆಯಾದ ಲೂಪಸ್‌ನಿಂದ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದು ಬಯಾಪ್ಸಿ ವರದಿ ಬಂದ ದಿನವೇ ಮನೆಯವರು ಕೇಳುತ್ತಾರೆ: “ಡಾಕ್ಟ್ರೇ, ಇದು ತಾಯಿ ಕಡೆಯಿಂದ ಬಂದದ್ದಾ?” ಲೂಪಸ್ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಹಾಗಾಗಿ ದೂರು ತಾಯಿಯ ತಲೆಗೇ ಸುತ್ತಿಕೊಳ್ಳುತ್ತದೆ. ನನಗೆ ಇದು ಸಹಿಸಲಾಗದ ಅನ್ಯಾಯ. ಔಷಧದ ಮಾತಿಗೆ ಮುಂಚೆ ಇದನ್ನೇ ಬಿಡಿಸಿ ಹೇಳುತ್ತೇನೆ.

ತದ್ರೂಪಿ ಅವಳಿಗಳಲ್ಲಿ ಒಬ್ಬಳಿಗೆ ಲೂಪಸ್ ಬಂದರೂ ಇನ್ನೊಬ್ಬಳಿಗೆ ಬಾರದಿರುವುದೇ ಹೆಚ್ಚು. ಇಬ್ಬರದ್ದೂ ಅದೇ ಜೀನ್‌ಗಳು! ಎಚ್‌ಎಲ್‌ಎ, ಐಆರ್‌ಎಫ್5, ಸ್ಟ್ಯಾಟ್4 ಸೇರಿ ನೂರಕ್ಕೂ ಹೆಚ್ಚು ಜೀನ್ ತಾಣಗಳು ಅಪಾಯವನ್ನು ಚೂರುಚೂರಾಗಿ ಏರಿಸುತ್ತವೆ. ಅವು ಅಪ್ಪನಿಂದಲೂ ಬರುತ್ತವೆ, ಅಮ್ಮನಿಂದಲೂ ಬರುತ್ತವೆ.

ಜೀನ್‌ಗಳ ಮೇಲೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಬೀಗದ ಹಾಗೆ ಕೂತಿರುತ್ತವೆ. ಲೂಪಸ್ ಇರುವವರ ಟಿ ಕೋಶಗಳಲ್ಲಿ (ರಕ್ಷಣೆಗೆ ನಿಂತ ಒಂದು ಬಗೆಯ ಬಿಳಿ ರಕ್ತಕಣಗಳು) ಈ ಬೀಗ ಹಲವೆಡೆ ಕಳಚಿ, ಸುಮ್ಮನಿರಬೇಕಾದ ಜೀನ್‌ಗಳು ಕೆಲಸ ಶುರುಮಾಡಿರುತ್ತವೆ. ಡಿಎನ್‌ಎ ಬರಹ ಮಾತ್ರ ಹಾಗೇ ಇರುತ್ತದೆ. ಬಿಪಿಗೆ ಕೊಡುವ ಹೈಡ್ರಲಝೀನ್ ಮಾತ್ರೆ ಕೆಲವರಲ್ಲಿ ಲೂಪಸ್ ತರುತ್ತದೆ. ಟಿ ಕೋಶಗಳಲ್ಲಿ ಮಿಥೈಲ್ ಕಡಿಮೆ ಮಾಡುವ ಗುಣ ಅದಕ್ಕಿದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಲಕ್ಷಣಗಳು ಇಳಿಯುತ್ತವೆ. ಅದಕ್ಕೇ ಹಳೇ ಔಷಧ ಚೀಟಿಗಳನ್ನೆಲ್ಲ ತರಿಸಿ ನೋಡುತ್ತೇನೆ. ಬೀಡಿ, ಸಿಗರೇಟು, ಬಿಸಿಲು ಇವನ್ನೂ ಕೇಳುತ್ತೇನೆ.

ಜೀನ್ ಪರೀಕ್ಷೆ ಎಲ್ಲರಿಗೂ ಬರೆಯುವುದಿಲ್ಲ. ದುಡ್ಡು ಹೋಗುತ್ತದೆ, ಚಿಕಿತ್ಸೆ ಬದಲಾಗುವುದಿಲ್ಲ. ಆದರೆ ಶಾಲೆಗೆ ಸೇರುವ ಮುಂಚೆಯೇ ಕಾಯಿಲೆ ಬಂದ ಮಗು, ಅದರಲ್ಲೂ ಗಂಡುಮಗು, ಬಂದರೆ ಮೊದಲು ಅಪ್ಪ-ಅಮ್ಮನ ನಡುವೆ ರಕ್ತಸಂಬಂಧ ಇದೆಯೇ ಎಂದು ಕೇಳುತ್ತೇನೆ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಇನ್ನೂ ಇದೆ. ಅಂಥದ್ದೇ ಒಂದು ಮನೆಯ ಹುಡುಗನಿಗೆ ಮುಖದ ಮೇಲೆ ಕೆಂಪು ದದ್ದು, ಮೂತ್ರದಲ್ಲಿ ನೊರೆ. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನ್‌ಗಳು ಸರಪಳಿಯಂತೆ ಒಂದರ ಹಿಂದೊಂದು ಕೆಲಸ ಮಾಡುತ್ತವೆ. ಅವುಗಳಲ್ಲಿ ಲೂಪಸ್ ಕಿಡ್ನಿಗೆ ಇಳಿದಾಗ ಸಾಮಾನ್ಯವಾಗಿ ಕುಸಿಯುವ ಸಿ3, ಸಿ4 ಎರಡೂ ಇವನಲ್ಲಿ ಸರಿಯಾಗಿದ್ದವು. ಇಡೀ ಸರಪಳಿಯ ಕೆಲಸ ಅಳೆಯುವ ಸಿಎಚ್50 ಪರೀಕ್ಷೆ ಮಾತ್ರ ಹೆಚ್ಚುಕಡಿಮೆ ಸೊನ್ನೆ. ಸರಪಳಿಯ ಮೊದಲ ಕೊಂಡಿಯೇ ಇಲ್ಲ ಎಂದು ಆಗ ಅನುಮಾನ ಬಂತು. ಜೀನ್ ಪರೀಕ್ಷೆಯಲ್ಲಿ ಸಿ1ಕ್ಯೂ ಕೊರತೆ ಖಚಿತವಾಯಿತು. ಸತ್ತ ಕೋಶಗಳ ಚೂರುಗಳನ್ನು ತೆರವು ಮಾಡಲು ನೆರವಾಗುವ ಪ್ರೋಟೀನ್ ಅದು.

ಇಲ್ಲಿ ಒಂದೇ ಜೀನ್‌ನ ದೋಷ, ಆದರೆ ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಮುಂದಿನ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಎಂದು ಇಬ್ಬರನ್ನೂ ಎದುರು ಕೂರಿಸಿಕೊಂಡೇ ಹೇಳಿದೆ. ಅವನ ತಂಗಿಗೂ ಸಿಎಚ್50, ಮೂತ್ರ ಮತ್ತು ಬಿಪಿ ಪರೀಕ್ಷೆ ಬರೆದುಕೊಟ್ಟೆ.