ಗಿಡದ ರ‍್ಯಾಕ್‌ಗೆ ಬೆಳ್ಳಿ ಹಾಳೆ ಬೇಕಾ? ನಾನು ಫ್ಲೆಕ್ಸ್‌ಗೆ ಬಂದು ನಿಂತ ಕಥೆ

ನಮ್ಮದು ಬೆಂಗಳೂರಿನ ಬಾಡಿಗೆ ಫ್ಲ್ಯಾಟ್. ಬಾಲ್ಕನಿ ಉತ್ತರಕ್ಕಿದೆ, ಬಿಸಿಲು ಅಷ್ಟಕ್ಕಷ್ಟೇ. ಹಾಗಾಗಿ ಸಣ್ಣ ಕೋಣೆಯಲ್ಲಿ ಒಂದು ಕಬ್ಬಿಣದ ರ‍್ಯಾಕ್ ಇಟ್ಟು, ಪ್ರತಿ ಅಂತಸ್ತಿಗೂ 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್ ಕಟ್ಟಿ, ಮೆಂತ್ಯ, ಸಾಸಿವೆ, ಲೆಟ್ಯೂಸ್, ಆಮೇಲೆ ಕುಂಡಕ್ಕೆ ಹೋಗಬೇಕಾದ ಟೊಮೆಟೊ ಸಸಿ ಎಲ್ಲ ಅಲ್ಲೇ ಬೆಳೆಸುತ್ತೇನೆ. ಟ್ರೇ ನಡುವಿನ ಸಸಿಗಳು ಗಟ್ಟಿಮುಟ್ಟಾಗಿ ಬರುತ್ತಿದ್ದವು. ಅಂಚಿನವು ಮಾತ್ರ ಕಡ್ಡಿಯಂತೆ ಉದ್ದವಾಗಿ ನಡುವಿನ ಕಡೆಗೆ ವಾಲುತ್ತಿದ್ದವು.

ಇದಕ್ಕೆ ಇನ್ನೊಂದು ಟ್ಯೂಬ್ ಹಾಕುವುದು ಪರಿಹಾರವಲ್ಲ. ಮನೆಯಲ್ಲಿ ಬಳಸುವ ಎಲ್‌ಇಡಿ ಟ್ಯೂಬ್ ಬೆಳಕನ್ನು ನೇರ ಕೆಳಗೆ ಬಿಡುವುದಿಲ್ಲ, ಸುಮಾರು 120 ಡಿಗ್ರಿ ಅಗಲಕ್ಕೆ ಚೆಲ್ಲುತ್ತದೆ. ಅದರಲ್ಲಿ ಒಳ್ಳೇ ಪಾಲು ಟ್ರೇ ದಾಟಿ ಕೋಣೆಗೆ ಹೋಗುತ್ತದೆ, ಅದಕ್ಕೂ ಕರೆಂಟ್ ಬಿಲ್ ನಾವೇ ಕಟ್ಟುತ್ತೇವೆ ಅಲ್ವಾ. ಪಕ್ಕಕ್ಕೆ ಏನಾದರೂ ಅಡ್ಡ ಕಟ್ಟಿ ಅದನ್ನು ವಾಪಸ್ ತಿರುಗಿಸಬೇಕು.

ಎಲ್ಲರೂ ಮೊದಲು ಹೇಳುವುದು ಬೆಳ್ಳಿ ಬಣ್ಣದ ಮೈಲಾರ್ ಹಾಳೆ, ಅಂದರೆ ಕನ್ನಡಿಯಂತೆ ಹೊಳೆಯುವ ಲೋಹದ ಲೇಪ ಇರುವ ಪ್ಲಾಸ್ಟಿಕ್. ಒಳ್ಳೆಯ ಮೈಲಾರ್ ಬಿದ್ದ ಬೆಳಕಿನಲ್ಲಿ ಶೇ. 90ಕ್ಕೂ ಜಾಸ್ತಿ ವಾಪಸ್ ಕೊಡುತ್ತದೆ, ನಿಜ. ಆದರೆ ಹೊಳಪಿಲ್ಲದ ಒಳ್ಳೆಯ ಬಿಳಿ ಪೇಂಟ್ ಕೂಡ ಶೇ. 80ರಿಂದ 90ರವರೆಗೆ ಕೊಡುತ್ತದೆ. ಈ ವ್ಯತ್ಯಾಸಕ್ಕೆ ದುಡ್ಡು ಸುರಿಯಬೇಕಾ? ಕಡಿಮೆ ಬೆಲೆಗೆ ಸಿಗುವ ಎಮರ್ಜೆನ್ಸಿ ಬ್ಲ್ಯಾಂಕೆಟ್ (ತುರ್ತಿಗೆ ಮೈ ಬೆಚ್ಚಗಿಡಲು ಹೊದೆಯುವ ಬೆಳ್ಳಿ ಹೊದಿಕೆ) ಕೂಡ ಅದೇ ಜಾತಿಯ ಹಾಳೆ. ಆದರೆ ತುಂಬಾ ತೆಳು. ಫ್ಯಾನ್ ಹಾಕಿದರೆ ಪರಪರ ಅನ್ನುತ್ತದೆ, ಒಂದು ಕಡೆ ಹರಿದರೆ ಮುಗಿಯಿತು, ಸುಕ್ಕಿಲ್ಲದೆ ಕಟ್ಟುವುದಂತೂ ಆಗುವ ಕೆಲಸವಲ್ಲ. ಸುಕ್ಕು ಬಿದ್ದ ಕಡೆ ಬೆಳಕು ಪಟ್ಟೆಪಟ್ಟೆಯಾಗಿ ಬೀಳುತ್ತದೆ, ಒಂದು ಸಸಿಗೆ ಜಾಸ್ತಿ, ಪಕ್ಕದ್ದಕ್ಕೆ ಕಮ್ಮಿ. ಬಿಳಿ ಮೇಲ್ಮೈಯಲ್ಲಿ ಈ ತಾಪತ್ರಯ ಇಲ್ಲ, ಬೆಳಕು ಎಲ್ಲ ಕಡೆಗೂ ಹರಡಿಕೊಂಡು ಬರುತ್ತದೆ.

ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಬಗ್ಗೆಯೂ ಕೇಳುತ್ತಾರೆ. ಅದು ಎಲೆ ಸುಡುತ್ತದೆ ಅನ್ನುವವರಿದ್ದಾರೆ. ಟ್ಯೂಬ್ ಬೆಳಕಿಗೆ ಆ ಭಯ ಸುಮ್ನೆ. ನನ್ನ ಭಯ ಬೇರೆ: ಫಾಯಿಲ್‌ನಲ್ಲಿ ಕರೆಂಟ್ ಹರಿಯುತ್ತದೆ. ನೀರು ಚಿಮುಕಿಸುವ ಜಾಗ, ಕಬ್ಬಿಣದ ರ‍್ಯಾಕ್, ಪಕ್ಕದಲ್ಲೇ ವೈರ್ ಜಾಯಿಂಟ್. ಬೇಡವೇ ಬೇಡ.

ಪೇಂಟ್ ಹೊಡೆಯಲು ಮನೆ ನನ್ನದಲ್ಲ. ರ‍್ಯಾಕ್‌ಗೆ ಗೋಡೆ ಇರುವುದೂ ಹಿಂದೆ ಮಾತ್ರ, ಅದೂ ಕ್ರೀಮ್ ಬಣ್ಣ. ಸ್ವಂತ ಮನೆ, ಮೂರು ಕಡೆ ಗೋಡೆ ಇದ್ದವರು ಬಿಳಿ ಮ್ಯಾಟ್ ಎಮಲ್ಷನ್ ಹೊಡೆದು ಸುಮ್ಮನಿರಬಹುದು. ಸುಣ್ಣ ಬೇಡ, ಒದ್ದೆಯಾದರೆ ಪುಡಿ ಉದುರುತ್ತದೆ.

ಹಾಗಾಗಿ ಶುರು ಮಾಡಿದ್ದು ಥರ್ಮೋಕೋಲ್‌ನಿಂದ. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಚಾಕುವಿನಲ್ಲಿ ಕತ್ತರಿಸಬಹುದು, ತಾನೇ ನೆಟ್ಟಗೆ ನಿಲ್ಲುತ್ತದೆ, ಬೆಳಕನ್ನೂ ಚೆನ್ನಾಗಿ ಹಿಂದಿರುಗಿಸುತ್ತದೆ. ತೆಳು ಹಾಳೆ ತರಬೇಡಿ, ಬೆಳಕು ಆಚೆ ಸೋರುತ್ತದೆ. ಕೆಲಸ ಆಯಿತು, ಅಂಚಿನ ಸಸಿ ವಾಲುವುದು ಕಮ್ಮಿಯಾಯಿತು. ಆದರೆ ಒದ್ದೆ ತಾಗುವ ಕಡೆ ಹಸಿರು ಪಾಚಿ ಕಟ್ಟಿತು, ಉಜ್ಜಿದರೆ ಬಿಳಿ ಕಾಳು ಉದುರಿ ಟ್ರೇಗೆ ಬೀಳುತ್ತವೆ. ಬೆಂಕಿ ತಾಗಿದರೆ ಥರ್ಮೋಕೋಲ್ ಕರಗಿ ಉರಿಯುತ್ತದೆ ಅನ್ನುವುದೂ ತಲೆಯಲ್ಲಿತ್ತು, ಅದಕ್ಕೇ ಟ್ಯೂಬ್, ವೈರ್‌ಗಳಿಂದ ದೂರವೇ ಇಟ್ಟಿದ್ದೆ.

ಕೊನೆಗೆ ನಿಂತಿದ್ದು ಫ್ಲೆಕ್ಸ್ ಮೇಲೆ. ಹುಟ್ಟುಹಬ್ಬದ ಬ್ಯಾನರ್ ಅಲ್ಲ ಮತ್ತೆ! ಪ್ರಿಂಟಿಂಗ್ ಅಂಗಡಿಯಲ್ಲಿ 'ಬ್ಲ್ಯಾಕ್ ಬ್ಯಾಕ್' ಅಂತ ಕೇಳಿ: ಮುಂದೆ ಅಚ್ಚ ಬಿಳಿ, ಬೆನ್ನು ಕಪ್ಪು. ಬೆಳಕು ಆಚೆ ಹೋಗುವುದಿಲ್ಲ. ಗ್ರೋ ಟೆಂಟ್ (ಮನೆಯೊಳಗೆ ಗಿಡ ಬೆಳೆಸುವ ಡೇರೆ) ಮಾರುವವರು 'ಪಾಂಡಾ ಫಿಲ್ಮ್' ಅಂತ ಕೊಡುವುದೂ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು ಇರುವ ಪ್ಲಾಸ್ಟಿಕ್ಕೇ. ನನಗೆ ಬೇಕಿದ್ದದ್ದು ಪ್ರಿಂಟ್ ಆಗದ ಕಟಿಂಗ್ ತುಂಡುಗಳು, ಅಂಗಡಿಯವರು ಸುರುಳಿ ಸುತ್ತಿ ಮೂಲೆಗೆ ಹಾಕಿದ್ದನ್ನು ತೀರಾ ಕಡಿಮೆಗೆ ಕೊಟ್ಟರು. ಅದನ್ನು ಒಂದು ದಿನ ಹಾಸಿ ಮೇಲೆ ಭಾರ ಇಟ್ಟರೆ ಸುರುಳಿ ಬಿಡುತ್ತದೆ. ತೂತು ಮಾಡಿ ಕೇಬಲ್ ಟೈನಿಂದ ರ‍್ಯಾಕ್ ಕಂಬಕ್ಕೆ ಬಿಗಿದೆ.

ಇಲ್ಲಿ ಎರಡು ವಿಷಯ ಹಾಳೆಯ ಜಾತಿಗಿಂತ ಮುಖ್ಯ ಅಂತ ನನಗನಿಸಿದ್ದು. ಒಂದು, ಹಾಳೆ ಟ್ರೇ ಅಂಚಿಗೆ ಒತ್ತಿಕೊಂಡಿರಬೇಕು. ಒಂದಡಿ ಆಚೆ ಕಟ್ಟಿದರೆ ಎಂಥ ಮೈಲಾರ್ ಆದರೂ ಅಷ್ಟು ಉಪಯೋಗ ಇಲ್ಲ. ಇನ್ನೊಂದು, ಮುಂಭಾಗ. ಮೂರು ಕಡೆ ಮುಚ್ಚಿ, ನೋಡಲು ಚೆಂದ ಅಂತ ಎದುರು ತೆರೆದಿಡುತ್ತಾರೆ. ಉದ್ದನೆಯ ಟ್ರೇ ಆದರೆ ಬೆಳಕು ಜಾಸ್ತಿ ಸೋರುವುದು ಅಲ್ಲಿಂದಲೇ. ನಾನು ಅದೇ ಫ್ಲೆಕ್ಸನ್ನು ಪರದೆ ಥರ ಇಳಿಬಿಟ್ಟಿದ್ದೇನೆ, ನೀರು ಹಾಕುವಾಗ ಮೇಲೆ ಸುತ್ತಿ ಕ್ಲಿಪ್ ಹಾಕುತ್ತೇನೆ. ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ, ಮೇಲೂ ಬಿಟ್ಟಿದ್ದೇನೆ, ಸಣ್ಣ ಫ್ಯಾನ್ ಓಡುತ್ತಿರುತ್ತದೆ. ಪೂರ್ತಿ ಮುಚ್ಚಿಬಿಟ್ಟರೆ ಒಳಗೆ ಶೆಕೆ, ತೇವ, ಆಮೇಲೆ ಸಸಿಗಳ ಬುಡ ಕೊಳೆಯುತ್ತದೆ.

ಉಪಯೋಗ ಆಯಿತಾ ಅಂತ ನೋಡಲು ಮೊಬೈಲಿನಲ್ಲಿ ಬೆಳಕು ಅಳೆಯುವ ಲಕ್ಸ್ ಆ್ಯಪ್ ಸಾಕು. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಲೆಕ್ಕ, ಗಿಡದ್ದಲ್ಲ. ಆದರೆ ಅದೇ ಟ್ಯೂಬ್, ಅದೇ ಮೊಬೈಲ್, ಟ್ರೇಯ ಅದೇ ಮೂಲೆ ಇಟ್ಟುಕೊಂಡು ಹಾಳೆ ಹಾಕುವ ಮುಂಚೆ, ಹಾಕಿದ ಮೇಲೆ ನೋಡಿದರೆ ಹೋಲಿಕೆಗೆ ಅಡ್ಡಿಯಿಲ್ಲ. ನಡುವಿನಲ್ಲಿ ಅಂಥ ಬದಲಾವಣೆ ಕಾಣದಿದ್ದರೆ ಗಾಬರಿಯಾಗಬೇಡಿ, ಮೂಲೆ ನೋಡಿ.

ಟ್ರೇ ಖಾಲಿಯಾದಾಗ ಸೋಪಿನ ನೀರಲ್ಲಿ ಫ್ಲೆಕ್ಸ್ ಒರೆಸುತ್ತೇನೆ, ಜೊತೆಗೆ ಟ್ಯೂಬನ್ನೂ, ಸ್ವಿಚ್ ಆಫ್ ಮಾಡಿ ಒಣಬಟ್ಟೆಯಲ್ಲಿ.