ಹನ್ನೆರಡು ಉಳಿ ಬೇಡ, ಎರಡು ಸಾಕು

ಮರಗೆಲಸ ಕಲಿಯಲು ಹೊರಟವರನ್ನು ಮೊದಲು ಸೆಳೆಯುವುದು ಅಗ್ಗದ ಸೆಟ್. ನಾನೂ ಹನ್ನೆರಡು ಉಳಿಗಳ ಪೆಟ್ಟಿಗೆ ತಂದಿದ್ದೆ. ಹಳೆಯ ಸಾಗವಾನಿ ಬಾಗಿಲಿನ ತುಂಡಿಗೆ ನಾಲ್ಕು ಏಟು ಬೀಳುವಷ್ಟರಲ್ಲಿ ಅಲಗಿನ ಅಂಚು ಮಡಚಿಕೊಂಡಿತು. ಪುಣೆಯ ನಮ್ಮ ಕಟ್ಟಡಕ್ಕೆ ಕೆಲಸಕ್ಕೆ ಬರುತ್ತಿದ್ದ ವಿಜಯಪುರ ಕಡೆಯ ಬಡಿಗ ಕಾಕಾ ಅದನ್ನು ಬೆಳಕಿಗೆ ಹಿಡಿದು, ‘ಇದರ ಉಕ್ಕಿಗೆ ಹದವೇ ಇಲ್ಲ. ಎರಡೇ ಕೊಳ್ಳಿ, ಗಟ್ಟಿಯಾದದ್ದು ಕೊಳ್ಳಿ’ ಎಂದರು.

ಮೂರು ಸಾವಿರ ರೂಪಾಯಿ ಇಟ್ಟುಕೊಂಡು ಹೊರಟಿದ್ದೀರಿ ಎಂದುಕೊಳ್ಳಿ. 12 ಮತ್ತು 25 ಮಿ.ಮೀ. ಅಗಲದ ಎರಡು ಉಳಿ, ಗರಗಸ, ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ, ಮರದ ಕೊಡತಿ, ತುಂಡನ್ನು ಬಿಗಿಹಿಡಿಯುವ ಎರಡು ಸಿ ಕ್ಲಾಂಪ್, ಸ್ಟೀಲ್ ಸ್ಕೇಲ್, ಸಾಣೆಕಲ್ಲು: ಆರಂಭಕ್ಕೆ ಇಷ್ಟು ಸಾಕು. ಮರವನ್ನು ಹೆರೆದು ನಯ ಮಾಡುವ ಹತ್ತರಿಯನ್ನು ಸಾಣೆ ಹಿಡಿಯಲು ಕಲಿತ ಮೇಲೆ ಕೊಂಡರಾಯಿತು. ಪುಣೆಯ ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಇವೆಲ್ಲ ಸಿಗುತ್ತವೆ. ಅಲ್ಲಿ ಮರಾಠಿಯಲ್ಲಿ ಉಳಿಗೆ ಪಟಾಶಿ, ಗರಗಸಕ್ಕೆ ಕರವತ, ಮೂಲೆಮಟ್ಟಕ್ಕೆ ಗುಣ್ಯಾ, ಹತ್ತರಿಗೆ ರಂಧಾ ಎಂದು ಕೇಳಿ.

ಹೆಚ್ಚು ಹೊತ್ತು ಉಳಿಯ ಮೇಲೆ ಕಳೆಯಿರಿ. ಅದರ ಚಪ್ಪಟೆ ಬೆನ್ನಿನ ಮೇಲೆ ಸ್ಕೇಲನ್ನು ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ತುಸು ತಗ್ಗಿದ್ದರೆ ಚಿಂತೆಯಿಲ್ಲ, ಉಬ್ಬಿದ್ದರೆ ಬೇಡ. ಹಿಡಿ ಅಲಗಿನ ನೇರಕ್ಕೆ ಇರಬೇಕು. ಬುಧವಾರ, ಭಾನುವಾರ ಸೇರುವ ಹಳೆ ಸಾಮಾನುಗಳ ಸಂತೆ ಜುನಾ ಬಾಜಾರಿನಲ್ಲಿ ಹಳೆಯ ಉಳಿಗಳು ಕಂಡರೆ ಬಿಡಬೇಡಿ. ಮೇಲ್ಪದರದ ತುಕ್ಕು ಉಜ್ಜಿದರೆ ಹೋಗುತ್ತದೆ. ಆದರೆ ಬೆನ್ನಿನಲ್ಲಿ ಅಂಚಿನ ಹತ್ತಿರವೇ ಆಳವಾದ ಗುಳಿಗಳಿದ್ದರೆ ಆ ಉಳಿ ಎಂದಿಗೂ ನಯವಾಗಿ ಕೊಯ್ಯುವುದಿಲ್ಲ.

ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ನೇರ ಅಂಚಿನ ಹಲಗೆಗೆ ಒತ್ತಿ ಹಿಡಿದು ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಸರಿ. ಬೇರೆಯಾದರೆ ಅವುಗಳ ನಡುವಿನ ಅಂತರ ನಿಜವಾದ ದೋಷದ ಎರಡರಷ್ಟಿರುತ್ತದೆ, ಆದ್ದರಿಂದ ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ.

ಗರಗಸದ ಹಲ್ಲುಗಳ ತುದಿ ನೀಲಿಗಪ್ಪಾಗಿದ್ದರೆ ಅದನ್ನು ಕಾಯಿಸಿ ಗಟ್ಟಿಗೊಳಿಸಿದ್ದಾರೆ ಎಂದರ್ಥ. ಅರದಿಂದ ಮತ್ತೆ ಹರಿತ ಮಾಡಲಾಗದು, ಆದರೆ ಬಹುಕಾಲ ಬಾಳುತ್ತದೆ. ಮೊದಲ ಗರಗಸಕ್ಕೆ ನನ್ನ ಆಯ್ಕೆ ಅದೇ. ಅಗ್ಗವೆಂದು ಲೋಹ ಕತ್ತರಿಸುವ ಹ್ಯಾಕ್ಸಾ ತರಬೇಡಿ.

ಇನ್ನು ಸಾಣೆ. ಹೊಸ ಉಳಿ ಅಂಗಡಿಯಿಂದ ಹರಿತವಾಗಿ ಬರುವುದು ಅಪರೂಪ, ಹಾಗಾಗಿ ಕಲ್ಲಿನ ಹಣವನ್ನು ಉಳಿಸಲು ಹೋಗಬೇಡಿ. ಒಂದು ಕಡೆ ಒರಟು, ಇನ್ನೊಂದು ಕಡೆ ನಯವಿರುವ ಕಲ್ಲು ತನ್ನಿ. ಮೊದಲು ಬೆನ್ನನ್ನು ಉಜ್ಜಿ ಚಪ್ಪಟೆ ಮಾಡಿ. ಆಮೇಲೆ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿ ಕೋನದಲ್ಲಿ ಒರಟು ಬದಿಗೆ ಉಜ್ಜಿ. ಬೆನ್ನಿನ ಕಡೆಯಿಂದ ಅಂಚಿನತ್ತ ಬೆರಳು ಸವರಿದಾಗ ಅಂಚಿನುದ್ದಕ್ಕೂ ಸಣ್ಣ ತರಿ ತಾಕಬೇಕು; ಅಲ್ಲಿಯವರೆಗೆ ನಿಲ್ಲಿಸಬೇಡಿ. ಬಳಿಕ ನಯವಾದ ಬದಿಗೆ ಉಜ್ಜಿ, ಬೆನ್ನನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಆ ತರಿಯನ್ನು ತೆಗೆಯಿರಿ. ಪೈನ್ ತುಂಡಿನ ಕೊಯ್ದ ತುದಿಯನ್ನು ಕೈಯಿಂದಲೇ ಒತ್ತಿ ಕೆತ್ತಿ ನೋಡಿ. ಮರ ಪುಡಿಯಾಗದೆ ಹೊಳಪಾಗಿ ಕೊಯ್ದರೆ ಉಳಿ ಸಿದ್ಧ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸಲ ಕೆಲಸ ಮುಗಿದ ಮೇಲೆ ಅಲಗುಗಳನ್ನು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿಡಿ. ಬಾಲ್ಕನಿಯಲ್ಲಿ ಬಿಡಬೇಡಿ.