ಐದು ರೈಡಿನಿಂದ ಹದಿಮೂರಕ್ಕೆ: ಟೋಕಿಯೋ ಡಿಸ್ನಿಯಲ್ಲಿ ನನ್ನ ಅನುಭವ

"ಮತ್ತೆ ಪ್ಯಾಕೇಜ್ ಇಲ್ಲದೆ ಜಪಾನಾ? ಒಂದ್ಸಲ ಕೈ ಸುಟ್ಕೊಂಡಿದ್ದು ಸಾಲ್ಲಿಲ್ವಾ?" ಅಂತ ಭಾವ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈ ಸುಟ್ಟಿದ್ದು ನಿಜ. 2023ರ ನವೆಂಬರ್‌ನಲ್ಲಿ ನಾವು ನಾಲ್ಕು ಜನ ಟೋಕಿಯೋ ಡಿಸ್ನಿಯ ಎರಡು ಪಾರ್ಕುಗಳಲ್ಲಿ (ಡಿಸ್ನಿಲ್ಯಾಂಡ್, ಡಿಸ್ನಿಸೀ) ಡಿಸ್ನಿಸೀಗೆ ಹೋಗಿ, ಟಿಕೆಟ್ಟಿಗೇ ಹತ್ತಿರ ಹತ್ತಿರ 29,000 ಯೆನ್ ಕೊಟ್ಟು, ಇಡೀ ದಿನದಲ್ಲಿ ಐದೇ ಐದು ರೈಡ್ ಹತ್ತಿ ಬಂದಿದ್ದೆವು. ಒಂದು ರೈಡಿಗೆ ಸುಮಾರು 6,000 ಯೆನ್ ಬಿತ್ತು. ಈ ಲೆಕ್ಕವನ್ನು ವಾಪಸ್ ಬರುವಾಗ ವಿಮಾನದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದೆ. ಹೆಂಡತಿ ಬಗ್ಗಿ ನೋಡಿ, ಏನೂ ಹೇಳದೆ ಕಣ್ಣು ಮುಚ್ಚಿಕೊಂಡಳು.

2025ರ ಏಪ್ರಿಲ್‌ನಲ್ಲಿ ಅದೇ ನಾಲ್ಕು ಜನ ಅದೇ ಪಾರ್ಕಿಗೆ ಹೋದೆವು. ಹದಿಮೂರು ರೈಡ್! ಟಿಕೆಟ್ಟಿಗೆ ಮೊದಲ ಸಲಕ್ಕಿಂತ ಕಮ್ಮಿ ದುಡ್ಡು. ಅದು ಹೇಗಾಯ್ತು ಅಂತ ಬರೆಯುತ್ತಿದ್ದೇನೆ. ವೀಸಾ, ವಿಮಾನ, ಸಿಮ್ ಕಾರ್ಡ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟುಬಿಡುತ್ತೇನೆ.

ಮೊದಲ ಸಲದ ತಪ್ಪಿನಿಂದಲೇ ಶುರು ಮಾಡಬೇಕು. ನಾನು ಆರಿಸಿದ್ದು ನವೆಂಬರ್ 14, ಮಂಗಳವಾರ. ಹಬ್ಬ ಇಲ್ಲ, ಸರ್ಕಾರಿ ರಜೆ ಇಲ್ಲ, ವಾರದ ನಡುವೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಪಾರ್ಕಿನ ಹತ್ತಿರದ ಮೈಹಾಮ ಸ್ಟೇಷನ್ನಿನಲ್ಲಿ ಇಳಿದರೆ ಪ್ಲಾಟ್‌ಫಾರ್ಮ್ ತುಂಬ ಯೂನಿಫಾರ್ಮ್ ಹಾಕಿದ ಹೈಸ್ಕೂಲ್ ಹುಡುಗಿಯರು, ತಲೆ ಮೇಲೆ ಮಿಕ್ಕಿ ಕಿವಿ. ಶಾಲೆ ಇರಬೇಕಾದ ಹೊತ್ತಲ್ಲಿ ಇವರಿಗೆಲ್ಲ ಇಲ್ಲೇನು ಕೆಲಸ? ಸಾಲಿನಲ್ಲಿ ನಮ್ಮ ಮುಂದೆ ಮೊಮ್ಮಗನ ಜೊತೆ ನಿಂತಿದ್ದ ಅಜ್ಜಿಯೊಬ್ಬರನ್ನು ಕೈಸನ್ನೆಯಲ್ಲೇ ಕೇಳಿದೆ. ಅವರು ಫೋನಿನಲ್ಲಿ ಏನೋ ಬರೆದು, ಅನುವಾದ ಮಾಡಿಸಿ, ಪರದೆ ನನ್ನ ಕಡೆ ತಿರುಗಿಸಿದರು. ಇವತ್ತು ಸೈತಾಮ ಜನರ ದಿನ, ಮಕ್ಕಳಿಗೆ ಶಾಲೆ ಇಲ್ಲ ಅಂತ ಇತ್ತು.

ಅಲ್ಲಿ ಒಂದೊಂದು ಪ್ರಾಂತ್ಯಕ್ಕೂ ತನ್ನದೇ ಒಂದು ದಿನ ಇರುತ್ತದೆ. ಅದು ದೇಶಕ್ಕೆಲ್ಲ ರಜೆಯಲ್ಲ, ಹಾಗಾಗಿ ನಾವು ನೋಡುವ ರಜೆಪಟ್ಟಿಯಲ್ಲಿ ಬರುವುದೇ ಇಲ್ಲ. ಆದರೆ ಟೋಕಿಯೋ ಸುತ್ತಮುತ್ತ ಆವತ್ತು ಬಹಳ ಶಾಲೆಗಳಿಗೆ ರಜೆ. ಸೈತಾಮಕ್ಕೆ ನವೆಂಬರ್ 14. ಅದರ ಹಿಂದಿನ ದಿನವೇ ಇಬಾರಕಿಯದು. ಟೋಕಿಯೋದ್ದು ಅಕ್ಟೋಬರ್ 1. ಪಾರ್ಕ್ ಇರುವುದೇ ಚಿಬಾ ಪ್ರಾಂತ್ಯದ ಉರಯಾಸುನಲ್ಲಿ, ಆ ಚಿಬಾದ ದಿನ ಜೂನ್ 15. ಹೋಗುವ ಮೊದಲು ಎಷ್ಟೋ ಲೇಖನ ಓದಿದ್ದ ನನಗೆ ಇದನ್ನು ಹೇಳಿದ್ದು ಒಬ್ಬ ಅಜ್ಜಿ.

ಎರಡನೇ ಸಲ ನಾನು ಮೊದಲು ತೆಗೆದದ್ದು ಅಲ್ಲಿನ ಶಾಲೆಗಳ ಕ್ಯಾಲೆಂಡರ್. ವಿಮಾನದ ರೇಟು ನೋಡಿದ್ದು ಆಮೇಲೆ. ಅವರ ವಸಂತದ ರಜೆ ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತದೆ. ಏಪ್ರಿಲ್ 29ರಿಂದ ಗೋಲ್ಡನ್ ವೀಕ್, ಅಂದರೆ ಅವರ ಸಾಲು ರಜೆಗಳ ವಾರ, ಶುರು, ಆಗ ಆ ಕಡೆ ತಲೆಯೂ ಹಾಕಬಾರದು. ಏಪ್ರಿಲ್ 15 ಟೋಕಿಯೋ ಡಿಸ್ನಿಲ್ಯಾಂಡ್ ಹುಟ್ಟಿದ ದಿನ, 1983ರಲ್ಲಿ ತೆರೆದದ್ದು. ಅಭಿಮಾನಿಗಳೆಲ್ಲ ಆವತ್ತು ಅಲ್ಲೇ ಇರುತ್ತಾರೆ. ಇದನ್ನೆಲ್ಲ ಕಳೆದರೆ ಉಳಿಯುವುದು ಒಂದು ವಾರ ಅಷ್ಟೇ. 22 ಮಂಗಳವಾರ ಡಿಸ್ನಿಸೀ, 23 ಬುಧವಾರ ಡಿಸ್ನಿಲ್ಯಾಂಡ್ ಅಂತ ಗೆರೆ ಎಳೆದೆ. ನಮ್ಮ ಮಕ್ಕಳಿಗೂ ಆಗ ಬೇಸಿಗೆ ರಜೆ, ಅದೊಂದು ಪುಣ್ಯ.

ಜನ ಕಮ್ಮಿ ಇರುವ ದಿನ ಟಿಕೆಟ್ಟೂ ಕಮ್ಮಿ. ಆಗ ದೊಡ್ಡವರ ಟಿಕೆಟ್ 7,900ರಿಂದ 10,900 ಯೆನ್‌ವರೆಗೆ ದಿನ ನೋಡಿ ಬದಲಾಗುತ್ತಿತ್ತು. ನಮಗೆ 8,400 ಬಿದ್ದ ನೆನಪು, ಮಕ್ಕಳಿಗೆ 5,000. ನಾಲ್ಕರಿಂದ ಹನ್ನೊಂದು ವರ್ಷದವರೆಗೆ ಮಕ್ಕಳ ರೇಟು. ಮಗಳಿಗೆ ಹನ್ನೊಂದು ನಡೆಯುತ್ತಿತ್ತು. ಇನ್ನೊಂದು ವರ್ಷ ತಡ ಮಾಡಿದ್ದರೆ ಅವಳ ಟಿಕೆಟ್ಟಿಗೇ ಎರಡು ಸಾವಿರದಷ್ಟು ಜಾಸ್ತಿ ಹೋಗುತ್ತಿತ್ತು.

ಟಿಕೆಟ್ ಕೊಳ್ಳುವಾಗ ನನ್ನ ಕಾರ್ಡ್ ಮೂರು ಸಲ ಕೈಕೊಟ್ಟಿತು. ಬ್ಯಾಂಕಿಗೆ ಫೋನ್ ಮಾಡಿದರೆ "ಎಲ್ಲಾ ಸರಿ ಇದೆ ಸರ್" ಅಂದರು. ಕೊನೆಗೆ ಕೆಲಸ ಹೇಗಾಯ್ತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಮಾಡಲು ಹೊರಟರೆ ಆ ದಾರಿ ಮುಚ್ಚಿಹೋಗುತ್ತದೆ.

ಇನ್ನು ಹೋಟೆಲ್. ಮೊದಲ ಸಲ ಇಬ್ಬರ ರೂಮ್ ಬುಕ್ ಮಾಡಿ, "ಮಕ್ಕಳು ಜೊತೆಗೆ ಮಲಗ್ತಾರೆ" ಅಂದುಕೊಂಡು ಹೋಗಿದ್ದೆ. ಜಪಾನಿನಲ್ಲಿ ಇದಕ್ಕೆ ಸೊಇನೆ ಅನ್ನುತ್ತಾರೆ, ಮಗು ಅಪ್ಪ ಅಮ್ಮನ ಹಾಸಿಗೆಯಲ್ಲೇ ಮಲಗುವುದು. ಬಹಳ ಕಡೆ ಇದು ಪುಕ್ಕಟೆ. ಆದರೆ ಸಾಮಾನ್ಯವಾಗಿ ಶಾಲೆ ಸೇರುವ ವಯಸ್ಸಿಗಿಂತ ಚಿಕ್ಕ ಮಗುವಿಗೆ ಮಾತ್ರ. ಮಗಳಿಗೆ ಆಗಲೇ ಒಂಬತ್ತು ದಾಟಿತ್ತು. ರಿಸೆಪ್ಷನ್ನಿನ ಹುಡುಗ ತಲೆ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದ, ಆದರೆ ಬಿಡಲಿಲ್ಲ. ಎರಡನೇ ರೂಮು, ಮೂರು ರಾತ್ರಿ, ಮೂವತ್ತು ಸಾವಿರ ಯೆನ್ ಚಿಲ್ಲರೆ. ಡಿಸ್ನಿಯ ಇನ್ನೊಂದು ಪೂರ್ತಿ ದಿನದ ಟಿಕೆಟ್ ದುಡ್ಡು ಅದು, ಸುಮ್ನೆ ಹೋಯ್ತು.

ಈ ಸಲ ಟೋಕಿಯೋದ ಕಸಾಯ್ ಹತ್ತಿರ ನಾಲ್ಕು ಜನಕ್ಕೆ ಅಂತಲೇ ಇರುವ ತಾತಾಮಿ ರೂಮ್ ಹಿಡಿದೆ. ಚಾಪೆ ನೆಲ, ರಾತ್ರಿ ಹಾಸಿಗೆ ಬಿಡಿಸುವುದು, ಬೆಳಿಗ್ಗೆ ಮಡಿಚಿಡುವುದು. ರಾತ್ರಿಗೆ ಹದಿಮೂರು ಸಾವಿರದ ಆಸುಪಾಸು. ಮಕ್ಕಳಿಗೆ ಪಾರ್ಕಿಗಿಂತ ಆ ಹಾಸಿಗೆ ಮೇಲೆ ಉರುಳಾಡುವುದೇ ಇಷ್ಟವಾಯ್ತು. ಕಸಾಯ್ ಸ್ಟೇಷನ್ನಿನಿಂದ ಡಿಸ್ನಿಗೆ ನೇರ ಬಸ್ಸಿದೆ. ಇದು ಗೊತ್ತಿಲ್ಲದೆ ಮೊದಲ ಸಲ ಟೋಕಿಯೋ ಸ್ಟೇಷನ್ನಿಗೆ ಹೋಗಿ ಕೇಯೋ ಲೈನ್ ಹಿಡಿದಿದ್ದೆವು. ಹೆಸರಿಗೆ ಒಂದೇ ಸ್ಟೇಷನ್, ಆದರೆ ಕೇಯೋ ಲೈನಿನ ಪ್ಲಾಟ್‌ಫಾರ್ಮ್ ಇರುವುದು ನೆಲದಾಳದಲ್ಲಿ, ಅಷ್ಟು ದೂರ. ನಿದ್ದೆಗೆ ಜಾರಿದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಹದಿನೈದು ನಿಮಿಷ ನಡೆದದ್ದು ಸೊಂಟಕ್ಕೆ ಇನ್ನೂ ನೆನಪಿದೆ. ಪೇಟೆ ಕಡೆಯಿಂದಲೇ ಬರುವವರು ಹಿಬಿಯಾ ಲೈನಿನಲ್ಲಿ ಹಚ್ಚೋಬೋರಿಗೆ ಬಂದು ಅಲ್ಲಿ ಕೇಯೋ ಲೈನ್ ಹತ್ತಿದರೆ ಈ ನಡಿಗೆ ತಪ್ಪುತ್ತದೆ.

ಕಸಾಯ್‌ದು ಇನ್ನೊಂದು ಲಾಭ. ಪಕ್ಕದ ನಿಶಿ ಕಸಾಯ್‌ನಲ್ಲಿ ಭಾರತೀಯರು ಬಹಳ ಜನ ಇದ್ದಾರೆ, ನಮ್ಮ ಊಟವೂ ಸಿಗುತ್ತದೆ. ಮೀನು ತಿನ್ನದ ನನ್ನ ಹೆಂಡತಿಗೆ ಜಪಾನಿನಲ್ಲಿ ಅದೇ ದೊಡ್ಡ ತಲೆನೋವು. ಸಾರು ಅಂತ ಕೊಟ್ಟದ್ದರಲ್ಲೂ ಮೀನಿನ ರಸ ಇರುತ್ತದೆ.

ಪಾರ್ಕಿನ ಒಳಗೆ ಹೊರಗಿನ ಊಟ ಒಯ್ಯುವಂತಿಲ್ಲ. ಆದರೆ ಗೇಟಿನ ಹೊರಗೆ ಬುತ್ತಿ ಬಿಚ್ಚಿ ತಿನ್ನುವವರಿಗೆ ಅಂತಲೇ ಜಾಗ ಇದೆ. ಹೊರಗೆ ಬಂದರೂ ಮತ್ತೆ ಒಳಗೆ ಬಿಡುತ್ತಾರೆ. ಬೆಳಿಗ್ಗೆಯೇ ಅಂಗಡಿಯಲ್ಲಿ ಉಮೆ ಹಾಕಿದ ಒನಿಗಿರಿ ಕೊಂಡಿದ್ದೆವು. ಉಮೆ ಅಂದರೆ ಹುಳಿ ಹುಳಿ ಉಪ್ಪುಪ್ಪು ಕಾಯಿ, ಅದು ಅನ್ನದುಂಡೆಯ ನಡುವೆ. ಒಂದಕ್ಕೆ ನೂರೈವತ್ತು ಯೆನ್ ಅಂದಾಜು. ಹನ್ನೊಂದೂವರೆಗೆ, ಒಳಗೆ ಊಟದ ಸಾಲು ಬೆಳೆಯುವ ಮೊದಲೇ, ಹೊರಗೆ ಬಂದು ತಿಂದು ಹೋದೆವು. ಮಗ ಒಂದು ಉಂಡೆ ಕಚ್ಚಿ, ಮುಖ ಕಿವುಚಿ, "ಅಪ್ಪಾ, ಉಪ್ಪಿನಕಾಯಿ ಅನ್ನ!" ಅಂದ. ಸರಿಯಾಗೇ ಹೇಳಿದ. ಕುಡಿಯುವ ನೀರಿನ ನಲ್ಲಿ ಒಳಗೆ ಎಲ್ಲ ಕಡೆ ಇದೆ, ಖಾಲಿ ಬಾಟಲಿ ಒಯ್ದರೆ ಸಾಕು.

ಪಾಪ್‌ಕಾರ್ನ್ ವಿಷಯದಲ್ಲಿ ನಾನು ಒಂದು ಚಿಕ್ಕ ಪ್ರಯೋಗ ಮಾಡಿದೆ. ಮೊದಲ ಸಲ ಮಗಳು ಹಟ ಹಿಡಿದು ಕೊಂಡ ಬಕೆಟ್ಟಿಗೆ ಮೂರು ಸಾವಿರಕ್ಕೂ ಮೇಲೆ ಕೊಟ್ಟಿದ್ದೆ. ಮನೆಯಲ್ಲಿ ಅದರೊಳಗೆ ಬಳಪ, ಪೆನ್ಸಿಲ್ ಇದ್ದವು. ಅದನ್ನು ತೊಳೆದು, ಸೂಟ್‌ಕೇಸಿನಲ್ಲಿ ಸಾಕ್ಸ್ ತುಂಬಿ ಒಯ್ದೆ. ಹೆಂಡತಿಗೆ ನಾಚಿಕೆ, "ಹಳೇದು ಅಂತ ಬೈದ್ರೆ?" ಅಂದಳು. ಗಾಡಿಯ ಹುಡುಗಿ ನಗುತ್ತಾ ತೆಗೆದುಕೊಂಡು, ತುಂಬಿಸುವ ರೇಟಿಗೇ ತುಂಬಿಸಿಕೊಟ್ಟಳು. ಎರಡು ದಿನದಲ್ಲಿ ನಾಲ್ಕು ಸಲ ತುಂಬಿಸಿದೆವು.

ಇನ್ನೊಂದು ಪ್ರಯೋಗ ಅಷ್ಟು ಚೆನ್ನಾಗಿ ಆಗಲಿಲ್ಲ. ವಾರದ ದಿನಗಳಲ್ಲಿ ಸಂಜೆ 5ರ ಮೇಲೆ ಒಳಗೆ ಹೋಗಲು ಕಡಿಮೆ ರೇಟಿನ ವೀಕ್‌ನೈಟ್ ಟಿಕೆಟ್ ಇದೆ. ಮಕ್ಕಳಿಗೂ ದೊಡ್ಡವರಿಗೂ ಒಂದೇ ರೇಟು, ಹಾಗಾಗಿ ಮಕ್ಕಳಿಗೆ ಅದರಿಂದ ಏನೂ ಉಳಿಯುವುದಿಲ್ಲ. ಆದರೆ ನನಗೆ? ಬುಧವಾರ ಹೆಂಡತಿ, ಮಕ್ಕಳನ್ನು ಬೆಳಿಗ್ಗೆ ಡಿಸ್ನಿಲ್ಯಾಂಡಿಗೆ ಬಿಟ್ಟು, ನಾನು ಬಟ್ಟೆ ಒಗೆಯುವ ಮಷೀನಿನ ಅಂಗಡಿಯಲ್ಲಿ ಕೂತು, ಸಂಜೆ 5ಕ್ಕೆ ಒಳಗೆ ಹೋದೆ. ಮೂರು ಸಾವಿರದ ಮೇಲೆ ಉಳಿಯಿತು. ಆದರೆ ಒಬ್ಬಳೇ ಇಬ್ಬರು ಮಕ್ಕಳನ್ನು ಹಿಡಿದುಕೊಂಡು ಓಡಾಡಿದವಳ ಮುಖ ನೋಡಿ, ಆ ಮೂರು ಸಾವಿರಕ್ಕೆ ಬಾಯಿ ಮುಚ್ಚಿಕೊಂಡು ಐಸ್‌ಕ್ರೀಮ್, ಕಾಫಿ, ಒಂದು ಕೀಚೈನ್ ಕೊಡಿಸಿದೆ. ಲೆಕ್ಕ ಸರಿಗೆ ಸರಿ.

ಮಂಗಳವಾರದ ವಿಷಯಕ್ಕೆ ಬರುತ್ತೇನೆ. ಏಳೂವರೆಗೆ ಗೇಟಿನ ಮುಂದೆ ಇದ್ದೆವು. 9ಕ್ಕೆ ತೆರೆಯುವುದು ಅಂತ ಹೇಳಿದ್ದರೂ ಎಂಟೂವರೆ ಹೊತ್ತಿಗೆ ಒಳಗೆ ಬಿಟ್ಟರು. ರೈಡಿನ ಉದ್ದ ಸಾಲು ತಪ್ಪಿಸುವ ಪಾಸ್‌ಗಳನ್ನು ಒಳಗೆ ಕಾಲಿಟ್ಟ ಮೇಲೆಯೇ ಆ್ಯಪ್‌ನಲ್ಲಿ ತೆಗೆಯಬೇಕು, ನಾಲ್ಕು ಟಿಕೆಟ್ಟೂ ಒಂದೇ ಫೋನಿನಲ್ಲಿ ಮೊದಲೇ ಸೇರಿಸಿರಬೇಕು. ಗೇಟು ದಾಟಿ, ಪಕ್ಕಕ್ಕೆ ಸರಿದು, ಪುಕ್ಕಟೆಯ ಪ್ರಯಾರಿಟಿ ಪಾಸ್ ಒಂದು ತೆಗೆದೆ. ಆಮೇಲೆ ದುಡ್ಡಿನ ಪ್ರೀಮಿಯರ್ ಆಕ್ಸೆಸ್ ಒಂದೇ ಒಂದು, ಸೋರಿಂಗ್ ಅನ್ನುವ ರೈಡಿಗೆ. ತಲೆಗೆ 2,000ದಂತೆ 8,000 ಯೆನ್. ಕಮ್ಮಿ ಖರ್ಚಿನ ಪ್ರವಾಸ ಅಂದವನು ಇದಕ್ಕೆ ಯಾಕೆ ಕೊಟ್ಟೆ ಅಂತ ಕೇಳಬಹುದು. ಬೋರ್ಡಿನಲ್ಲಿ ಕಾಯುವ ಹೊತ್ತು 130 ನಿಮಿಷ ಇತ್ತು. ಆ ಎರಡು ಗಂಟೆಯಲ್ಲಿ ನಾವು ಬೇರೆ ನಾಲ್ಕು ರೈಡ್ ಹತ್ತಿದೆವು. ಎಲ್ಲದಕ್ಕೂ ಅದನ್ನು ಕೊಂಡರೆ ಮಾತ್ರ ದಿವಾಳಿ.

2024ರ ಜೂನ್‌ನಲ್ಲಿ ತೆರೆದ ಫ್ಯಾಂಟಸಿ ಸ್ಪ್ರಿಂಗ್ಸ್ ಅನ್ನುವ ಹೊಸ ಭಾಗದ ಕಡೆಗೆ ಜನ ಓಡುತ್ತಿದ್ದರು. ನಾವು ಅದರ ತಂಟೆಗೇ ಹೋಗದೆ ಬೇರೆ ದಿಕ್ಕು ಹಿಡಿದೆವು. ಆ ಮೊದಲ ಮುಕ್ಕಾಲು ಗಂಟೆ ಯಾವ ದಾರಿಯಲ್ಲಿ ಹೋದೆವು ಅನ್ನುವುದು ನನ್ನ ನೋಟ್‌ಬುಕ್ಕಿನಲ್ಲಿದೆ, ಅಲ್ಲೇ ಇರಲಿ. ಮಧ್ಯಾಹ್ನ ಎಲ್ಲ ಕಡೆ ಸಾಲು ಉದ್ದವಾದಾಗ ಸಿಂದ್‌ಬಾದ್‌ನ ದೋಣಿಗೆ ಹೋಗಿ ಅಂತ ಮಾತ್ರ ಹೇಳುತ್ತೇನೆ. ಕಾಯುವುದು ಹೆಚ್ಚಿಲ್ಲ, ಒಳಗೆ ತಂಪು, ಹತ್ತು ನಿಮಿಷ ಕಾಲಿಗೆ ವಿಶ್ರಾಂತಿ. ನಾವು ಎರಡು ಸಲ ಹೋದೆವು. ಹದಿಮೂರರಲ್ಲಿ ಅದನ್ನು ಎರಡು ಅಂತ ಎಣಿಸಿದ್ದು, ಸ್ಟೀಮರ್ ದೋಣಿಯನ್ನೂ ಸೇರಿಸಿದ್ದು ಮೋಸ ಅಂತ ಹೆಂಡತಿಯ ತಕರಾರು. ಇರಲಿ, ಅವಳ ಲೆಕ್ಕದಲ್ಲೂ ಹನ್ನೊಂದಾಗುತ್ತದೆ.

ಸೋರಿಂಗ್‌ಗೆ 102 ಸೆಂಟಿಮೀಟರ್ ಎತ್ತರ ಇರಬೇಕು. ಮೊದಲ ಸಲ ಮಗ 101 ಇದ್ದ. ಅಳತೆ ಕೋಲಿನ ಅಡ್ಡಪಟ್ಟಿ ಅವನ ತಲೆಗೂದಲಿಗೆ ಮಾತ್ರ ತಾಗಿ ಮುಂದೆ ಹೋಗಿತ್ತು. ಅವನು ಹಿಮ್ಮಡಿ ಎತ್ತಿ ನಿಂತದ್ದನ್ನು ನೋಡಿ ಅಳೆಯುತ್ತಿದ್ದ ಹುಡುಗಿ ಕೆಳಗೆ ಕೂತು, ಎರಡೂ ಕೈಯಿಂದ ಅವನ ಕಾಲನ್ನು ಮೆಲ್ಲಗೆ ನೆಲಕ್ಕೆ ಒತ್ತಿದ್ದಳು. ನಾನೂ ಹೆಂಡತಿಯೂ ಒಬ್ಬರಾದ ಮೇಲೆ ಒಬ್ಬರು ಹೋಗಿ ಬರುವಷ್ಟರಲ್ಲಿ ಅವನು ಅತ್ತು ಅತ್ತು ನಿದ್ದೆ ಹೋಗಿದ್ದ. ಈ ಸಲ ಕೋಲು ಕಂಡದ್ದೇ ತಡ, ಯಾರೂ ಕರೆಯುವ ಮೊದಲೇ ಓಡಿ ಹೋಗಿ ಎದೆ ಸೆಟೆಸಿ ನಿಂತ. ಪಟ್ಟಿ ಅವನ ಹಣೆಗೆ ಟಕ್ ಅಂತ ಬಡಿಯಿತು. "ಇನ್ನೊಂದ್ಸಲ ಅಳೀರಿ" ಅಂತ ಕನ್ನಡದಲ್ಲೇ ಹೇಳಿದ. ಅವಳಿಗೆ ಏನು ಅರ್ಥವಾಯ್ತೋ, ಅಳೆದಳು.

ಎರಡು ದಿನದ ಟಿಕೆಟ್ಟು, ಆ 8,000 ಎಲ್ಲ ಸೇರಿ 58,000 ಯೆನ್ ಹತ್ತಿರ ಹತ್ತಿರ. ಐದು ರಾತ್ರಿಯ ಹೋಟೆಲ್ 65,000 ಅಂದಾಜು. ಬಸ್ಸು, ರೈಲು, ಊಟ ಎಲ್ಲ ಒಂದು 40,000 ಇರಬಹುದು. ಮಗನಿಗೆ ಆರು ತುಂಬಿರಲಿಲ್ಲ, ರೈಲು ಪುಕ್ಕಟೆ. ವಿಮಾನ ಬಿಟ್ಟು ನೋಡಿದರೆ, ಭಾವ ತೋರಿಸಿದ್ದ ಪ್ಯಾಕೇಜಿನ ಅರ್ಧಕ್ಕಿಂತ ಸ್ವಲ್ಪ ಮೇಲೆ. ಅದರಲ್ಲಿ ಡಿಸ್ನಿ ಇದ್ದದ್ದು ಒಂದೇ ದಿನ.

ಭಾವ ಹೋದ ವಾರ ಫೋನ್ ಮಾಡಿದ್ದರು. "ಆ ನೋಟ್‌ಬುಕ್ ಕೊಡ್ತೀಯೇನಪ್ಪಾ, ನಾವೂ ಹೋಗೋಣ ಅಂತಿದ್ದೀವಿ." ಕೊಟ್ಟೆ. ಆ ಮುಕ್ಕಾಲು ಗಂಟೆಯ ಪುಟವನ್ನು ಮಾತ್ರ ಮೊದಲೇ ಕಿತ್ತಿಟ್ಟುಕೊಂಡಿದ್ದೆ.